ಕೆನ್ನೆ ಕಟ್ಟುವ ಪುಟ್ಟ ಉಂಗುರ: ಬಾಯಿ ಕ್ಯಾನ್ಸರ್ ಸರ್ಜರಿಗೆ ಹೊರಡುವ ಮುನ್ನ ತಿಳಿದಿರಲಿ

ಬಾಯಿ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಉಳೀತಾರಾ ಡಾಕ್ಟ್ರೇ?’ ಎರಡನೇ ಪ್ರಶ್ನೆ ಬರೋದು ಸ್ವಲ್ಪ ತಡವಾಗಿ. ದನಿಯೂ ಸಣ್ಣದಾಗಿರುತ್ತೆ. ‘ದವಡೆ ತೆಗೆದ ಮೇಲೆ ಮುಖ ಹೇಗಿರುತ್ತೆ? ಅಕ್ಕಿ ರೊಟ್ಟಿ ಅಗಿಯೋಕೆ ಆಗುತ್ತಾ? ಫೋನಲ್ಲಿ ಮಾತಾಡಿದ್ರೆ ಅರ್ಥ ಆಗುತ್ತಾ?’

ಈ ಎರಡನೇ ಪ್ರಶ್ನೆಗೆ ಉತ್ತರ ಕೊಡೋ ಸರ್ಜರಿಯ ಬಗ್ಗೆ ಈ ಲೇಖನ. ಗಡ್ಡೆ ತೆಗೆದ ಜಾಗಕ್ಕೆ ರೋಗಿಯ ತೊಡೆ, ಮುಂಗೈ ಅಥವಾ ಕಾಲಿನಿಂದ ಚರ್ಮ, ಮಾಂಸ, ಮೂಳೆ ತಂದು ಹೊಸ ಕೆನ್ನೆ, ಹೊಸ ದವಡೆ ಕಟ್ಟುತ್ತಾರೆ. ಹಾಗೆ ತಂದ ಭಾಗ ಬದುಕಿರಬೇಕಾದರೆ ಅದರ ರಕ್ತನಾಳವನ್ನು ಕತ್ತಿನ ರಕ್ತನಾಳಕ್ಕೆ ಕೂಡಿಸಬೇಕು. ನಾಳದ ಅಗಲ ಎರಡು-ಮೂರು ಮಿಲಿಮೀಟರ್ ಅಷ್ಟೇ. ಅದನ್ನು ನೂಲಿನಿಂದ ಹೊಲಿಯುವ ಬದಲು ಕೂಡಿಸೋಕೆ ಒಂದು ಪುಟ್ಟ ಉಂಗುರದ ಸಾಧನ ಇದೆ. ಹೆಸರು ಕಪ್ಲರ್.

ಬೆಂಗಳೂರಲ್ಲಿ ಕೆಲಸ, ಊರಲ್ಲಿ ಅಪ್ಪ-ಅಮ್ಮ ಅನ್ನೋ ಸ್ಥಿತಿಯಲ್ಲಿರುವ ಕೊಡಗಿನ ಹುಡುಗ-ಹುಡುಗಿಯರೇ ಇಂಥ ಹೊತ್ತಲ್ಲಿ ಎಸ್ಟಿಮೇಟ್ ಓದೋದು, ಫಾರ್ಮ್‌ಗೆ ಸಹಿ ಹಾಕೋದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀವಿ.

ಕೊಡಗಿಗೆ ಇದು ದೂರದ ವಿಷಯ ಅಲ್ಲ

ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಬಾಯಿ ಕ್ಯಾನ್ಸರ್ ಪ್ರಕರಣಗಳು ಬರ್ತವೆ. ಗಂಡಸರಲ್ಲಿ ಅತಿ ಹೆಚ್ಚು ಕಾಣಿಸೋ ಕ್ಯಾನ್ಸರ್ ಇದೇ. ಪಾಶ್ಚಾತ್ಯ ದೇಶಗಳಲ್ಲಿ ನಾಲಿಗೆ, ಗಂಟಲಿನ ಭಾಗದಲ್ಲಿ ಜಾಸ್ತಿ. ನಮ್ಮಲ್ಲಿ ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ ಜಾಸ್ತಿ. ಕಾರಣ ಊಹಿಸೋದು ಕಷ್ಟವಲ್ಲ. ಎಲೆ-ಅಡಿಕೆ, ಹೊಗೆಸೊಪ್ಪು ಗಂಟೆಗಟ್ಟಲೆ ಕೂತಿರೋದು ಅದೇ ಸಂದಿಯಲ್ಲಿ.

ಕೊಡಗಿನಲ್ಲಿ ಮದುವೆ, ಹಬ್ಬ, ನಾಮಕರಣ ಯಾವುದಕ್ಕೂ ಎಲೆ-ಅಡಿಕೆ ಬೇಕು. ತೋಟದ ಲೈನ್ ಮನೆಗಳಲ್ಲಿ ಇರೋ ಎಷ್ಟೋ ಕಾರ್ಮಿಕರಿಗೆ ಮಳೆ-ಚಳಿಯಲ್ಲಿ ಕೆಲಸ ಮಾಡುವಾಗ ಅದೇ ಜೊತೆಗಾರ. ಕಾಫಿ, ಮೆಣಸಿನ ಜೊತೆಗೆ ಅಡಿಕೆಯೂ ನಮ್ಮ ಬೆಳೆಯೇ ಆದ್ದರಿಂದ ಅದರ ಬಗ್ಗೆ ಕೆಟ್ಟ ಮಾತು ಕೇಳೋಕೆ ಯಾರಿಗೂ ಇಷ್ಟ ಇಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸ್ಪಷ್ಟವಾಗಿ ಹೇಳಿಬಿಟ್ಟಿದೆ: ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಅಗಿಯುವುದು ಕ್ಯಾನ್ಸರ್‌ಕಾರಕ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧ ಮಾಡಿತು. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಮಾರುವ ದಾರಿಯನ್ನು ವ್ಯಾಪಾರ ಬೇಗನೆ ಕಂಡುಕೊಂಡಿತು.

ಕೆನ್ನೆ-ವಸಡಿನ ಸಂದಿಗೆ ದವಡೆ ಮೂಳೆ ತೀರಾ ಹತ್ತಿರ. ಅಲ್ಲಿ ಗಡ್ಡೆ ಬೆಳೆದರೆ ಎಷ್ಟೋ ಸಲ ಒಳಗೆನ್ನೆಯ ಜೊತೆ ದವಡೆಯ ಒಂದು ತುಂಡನ್ನೂ, ಕೆಲವೊಮ್ಮೆ ಹೊರಗಿನ ಚರ್ಮವನ್ನೂ ತೆಗೆಯಬೇಕಾಗುತ್ತೆ. ಅಷ್ಟು ದೊಡ್ಡ ಖಾಲಿ ಜಾಗವನ್ನು ಸುಮ್ಮನೆ ಎಳೆದು ಹೊಲಿದರೆ ಬಾಯಿ ತೆರೆಯೋಕೆ ಆಗಲ್ಲ, ಎಂಜಲು ನಿಲ್ಲಲ್ಲ, ಊಟ ಸೋರುತ್ತೆ.

ಮೈಸೂರು ಯುದ್ಧದ ಮೂಗು

ಒಂದು ಜಾಗದ ಚರ್ಮ ತಂದು ಮುಖ ಕಟ್ಟುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಸುಶ್ರುತನ ಹೆಸರು ಎಲ್ಲರಿಗೂ ಗೊತ್ತು. ಅದಕ್ಕಿಂತ ಹತ್ತಿರದ ಒಂದು ಕಥೆ ಇದೆ.

ಕೊಡಗಿನ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಪಕ್ಷದಲ್ಲಿದ್ದ ಮೂರನೇ ಮೈಸೂರು ಯುದ್ಧದ ಕಾಲ. ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ ಅಂತ ದಾಖಲೆ ಹೇಳುತ್ತೆ. ಆಮೇಲೆ ಪುಣೆಯ ಕಡೆಯ ಒಬ್ಬ ಕುಶಲಕರ್ಮಿ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಇಬ್ಬರು ಇಂಗ್ಲಿಷ್ ವೈದ್ಯರು ಎದುರಿಗೆ ನಿಂತು ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಯುರೋಪಿನ ಸರ್ಜನ್‌ಗಳು ಆ ವಿಧಾನ ಕಲಿತರು.

ಆ ಸರ್ಜರಿಗೆ ಒಂದು ಮಿತಿ ಇತ್ತು. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸುವ ಹಾಗಿರಲಿಲ್ಲ. ಹುಬ್ಬಿನ ಹತ್ತಿರ ಒಂದು ತೊಟ್ಟು ಉಳಿಸಿಕೊಂಡೇ ತಿರುಗಿಸಬೇಕು, ಯಾಕಂದ್ರೆ ರಕ್ತ ಬರೋದು ಆ ತೊಟ್ಟಿನಿಂದ. ತೊಟ್ಟು ಎಷ್ಟು ದೂರ ಎಟಕುತ್ತೋ ಅಷ್ಟೇ. ಎದೆಯ ಮಾಂಸಖಂಡವನ್ನು ತೊಟ್ಟಿನ ಸಮೇತ ಮೇಲಕ್ಕೆತ್ತಿ ಕೆನ್ನೆಗೆ ತರುವ ಸರ್ಜರಿ 1979ರಿಂದ ಬಳಕೆಗೆ ಬಂತು. ಇವತ್ತಿಗೂ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಅದೇ ಆಧಾರ. ನಂಬಿಕಸ್ತ ವಿಧಾನವೇ. ಆದರೆ ದಪ್ಪ ಜಾಸ್ತಿ, ಮೂಳೆ ಕೊಡಲ್ಲ, ಕತ್ತು ಎಳೆದ ಹಾಗಾಗುತ್ತೆ.

ತೊಟ್ಟನ್ನೇ ಕತ್ತರಿಸಿ, ಬೇರೆ ಕಡೆ ಒಯ್ದು, ಅಲ್ಲಿ ಮತ್ತೆ ರಕ್ತ ಹರಿಸಿದರೆ? ಅದಕ್ಕೆ ಫ್ರೀ ಫ್ಲ್ಯಾಪ್ ಅಂತಾರೆ. ತೆಳುವಾದ ಒಳಗೆನ್ನೆಗೆ ಮುಂಗೈ ಚರ್ಮ, ದೊಡ್ಡ ಜಾಗಕ್ಕೆ ತೊಡೆಯ ಚರ್ಮ, ದವಡೆಗೆ ಕಾಲಿನ ಫಿಬ್ಯುಲಾ ಮೂಳೆ. ಈ ಫಿಬ್ಯುಲಾ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರೋ ಸಣಕಲು ಮೂಳೆ. ಮೈಭಾರ ಹೊರೋದು ಪಕ್ಕದ ದಪ್ಪ ಮೂಳೆಯಾದ್ದರಿಂದ ಇದರ ಮಧ್ಯಭಾಗ ತೆಗೆದರೂ ನಡೆಯಬಹುದು. ಅದನ್ನು ಅಲ್ಲಲ್ಲಿ ಕತ್ತರಿಸಿ ದವಡೆಯ ಆಕಾರಕ್ಕೆ ತಿರುಗಿಸ್ತಾರೆ. ಮುಂದೆ ಅದರ ಮೇಲೆ ಹಲ್ಲು ಕೂರಿಸುವ ಅವಕಾಶವೂ ಇದೆ.

ಕೂದಲಿಗಿಂತ ತೆಳು ನೂಲು

ರಕ್ತನಾಳ ಹೊಲಿಯುವ ವಿಧಾನವನ್ನು ವ್ಯವಸ್ಥಿತವಾಗಿ ತೋರಿಸಿಕೊಟ್ಟ ಫ್ರಾನ್ಸಿನ ಅಲೆಕ್ಸಿ ಕ್ಯಾರೆಲ್‌ಗೆ 1912ರ ನೊಬೆಲ್ ಪ್ರಶಸ್ತಿ ಬಂತು. ಆದರೆ ಒಂದೆರಡು ಮಿಲಿಮೀಟರ್ ನಾಳ ಹೊಲಿಯೋಕೆ ಕಣ್ಣು ಸಾಲದು. 1960ರಲ್ಲಿ ಅಮೆರಿಕದ ಜೇಕಬ್ಸನ್ ಮತ್ತು ಸುವಾರೆಜ್ ಆಪರೇಷನ್ ಮೈಕ್ರೋಸ್ಕೋಪ್ ಕೆಳಗೆ ಅದನ್ನು ಮಾಡಿ ತೋರಿಸಿದರು. ಮೈಕ್ರೋಸರ್ಜರಿ ಅನ್ನೋ ಶಾಖೆ ಬೆಳೆದದ್ದು ಅಲ್ಲಿಂದ.

ಬಳಸೋ ನೈಲಾನ್ ನೂಲು 9-0 ಅಥವಾ 10-0 ಗಾತ್ರದ್ದು. 10-0 ಅಂದ್ರೆ 0.03 ಮಿಲಿಮೀಟರ್‌ಗಿಂತ ಕಡಿಮೆ ದಪ್ಪ, ತಲೆಗೂದಲಿನ ಅರ್ಧವೂ ಇಲ್ಲ. ಒಂದು ನಾಳದ ಸುತ್ತ ಎಂಟರಿಂದ ಹನ್ನೆರಡು ಹೊಲಿಗೆ. ಒಂದು ಹೊಲಿಗೆ ಅಪ್ಪಿತಪ್ಪಿ ಎದುರಿನ ಗೋಡೆಗೆ ಸಿಕ್ಕಿದರೆ ನಾಳ ಮುಚ್ಚಿಹೋಯ್ತು. ಒಂದು ಗಂಟು ಸಡಿಲ ಆದ್ರೆ ರಕ್ತ ಸೋರುತ್ತೆ.

ಇದರಲ್ಲಿ ಹೆಚ್ಚು ಕಾಟ ಕೊಡೋದು ಅಪಧಮನಿ ಅಲ್ಲ, ಅಭಿಧಮನಿ. ರಕ್ತ ತರುವ ಅಪಧಮನಿಯ ಗೋಡೆ ದಪ್ಪ, ಒಳಗೆ ಒತ್ತಡ ಇರುತ್ತೆ, ಆಕಾರ ಬಿಡಲ್ಲ. ರಕ್ತ ವಾಪಸ್ ಒಯ್ಯುವ ಅಭಿಧಮನಿ ಒದ್ದೆ ಕಾಗದದ ಹಾಗೆ ಮಡಚಿಕೊಳ್ಳುತ್ತೆ. ಫ್ಲ್ಯಾಪ್ ಕೆಟ್ಟಾಗ ರಕ್ತ ಹೆಪ್ಪುಗಟ್ಟಿರೋದು ಹೆಚ್ಚಾಗಿ ಇಲ್ಲೇ. ಒಳಗೆ ರಕ್ತ ಬರ್ತಾ ಇರುತ್ತೆ, ಹೊರಗೆ ಹೋಗೋ ದಾರಿ ಇರಲ್ಲ.

ಸ್ಪ್ರಿಂಕ್ಲರ್ ಪೈಪು ಜೋಡಿಸಿದವರಿಗೆ ಅರ್ಥವಾಗುವ ಉಪಾಯ

ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಎಳೀತಾರೆ. ಪೈಪಿನ ತುದಿಗೆ ತುದಿ ಕೊಟ್ಟು ಕ್ಲಾಂಪ್ ಒತ್ತಿದರೆ ಆಯ್ತು. ಅಂಟು ಬೇಡ, ಬೆಸುಗೆ ಬೇಡ. ರಕ್ತನಾಳದ ಕಪ್ಲರ್‌ನ ಹಿಂದಿರೋದೂ ಹೆಚ್ಚು ಕಡಿಮೆ ಇದೇ ಯೋಚನೆ. ಇನ್ನೊಂದು ಸ್ವಾರಸ್ಯ ಅಂದ್ರೆ ಈಗಿನ ತೋಟದ ಪೈಪುಗಳಂತೆ ಆ ಉಂಗುರವೂ ಎಚ್‌ಡಿಪಿಇ ಜಾತಿಯ ಪ್ಲಾಸ್ಟಿಕ್ಕೇ, ವೈದ್ಯಕೀಯ ದರ್ಜೆಯದ್ದು ಅಷ್ಟೇ.

ಕಪ್ಲರ್ ಅಂದ್ರೆ ಎರಡು ಉಂಗುರಗಳ ಜೋಡಿ. ಪ್ರತಿ ಉಂಗುರದಲ್ಲೂ ಆರು ಸ್ಟೀಲ್ ಮುಳ್ಳು, ಮುಳ್ಳುಗಳ ನಡುವೆ ಅಷ್ಟೇ ರಂಧ್ರಗಳು. ಸರ್ಜನ್ ಮೊದಲು ಅಳತೆಪಟ್ಟಿ ಇಟ್ಟು ಎರಡೂ ನಾಳದ ಅಗಲ ನೋಡ್ತಾರೆ. ಗಾತ್ರಗಳು 1 ಮಿಲಿಮೀಟರ್‌ನಿಂದ 4ರವರೆಗೆ, ಅರ್ಧರ್ಧ ಮಿಲಿಮೀಟರ್ ಅಂತರದಲ್ಲಿ ಸಿಗ್ತವೆ. ಒಂದು ಉಂಗುರದೊಳಗೆ ಫ್ಲ್ಯಾಪ್‌ನ ನಾಳ, ಇನ್ನೊಂದರೊಳಗೆ ಕತ್ತಿನ ನಾಳ ತೂರಿಸಿ, ಅಂಗಿ ತೋಳಿನ ತುದಿ ಮಡಚಿದ ಹಾಗೆ ನಾಳದ ತುದಿಯನ್ನು ಹೊರಕ್ಕೆ ಮಡಚಿ ಮುಳ್ಳುಗಳಿಗೆ ಸಿಕ್ಕಿಸ್ತಾರೆ. ಆಮೇಲೆ ಹಿಡಿಕೆಯ ಗುಂಡಿ ತಿರುಗಿಸಿದರೆ ಎರಡು ಉಂಗುರಗಳೂ ಎದುರುಬದುರಾಗಿ ಬಂದು, ಒಂದರ ಮುಳ್ಳು ಇನ್ನೊಂದರ ರಂಧ್ರಕ್ಕೆ ಕೂತು ಬಿಗಿಯಾಗ್ತವೆ. ಸಾಧನ ಉಂಗುರವನ್ನು ಬಿಟ್ಟು ಹೊರಬರುತ್ತೆ. ಉಂಗುರ ಮಾತ್ರ ಮೈಯಲ್ಲೇ ಉಳಿಯುತ್ತೆ.

ತೋಟದ ಪೈಪಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಪೈಪಿನಲ್ಲಿ ಒಂದರೊಳಗೆ ಒಂದು ಹೋಗುತ್ತೆ. ಇಲ್ಲಿ ನಾಳದ ಒಳಪದರ ಇನ್ನೊಂದು ನಾಳದ ಒಳಪದರಕ್ಕೆ ಮುಖಾಮುಖಿ ಅಂಟುತ್ತೆ. ಹರಿಯೋ ರಕ್ತಕ್ಕೆ ನೂಲಾಗಲಿ, ಮುಳ್ಳಾಗಲಿ, ಪ್ಲಾಸ್ಟಿಕ್ಕಾಗಲಿ ತಗಲಲ್ಲ. ಪರವಸ್ತು ತಗುಲಿದ ಕಡೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಾದ್ದರಿಂದ ಇದು ಸಣ್ಣ ಲಾಭವಲ್ಲ. ಜೊತೆಗೆ, ಮೆತ್ತಗಿನ ಅಭಿಧಮನಿ ಕುಸಿಯದ ಹಾಗೆ ಉಂಗುರ ಅದರ ಬಾಯನ್ನು ಅಗಲವಾಗಿ ಹಿಡಿದಿರುತ್ತೆ.

ಈ ಯೋಚನೆ ಹಳೆಯದು. ಜಪಾನಿನ ನಾಕಾಯಾಮಾ 1962ರಲ್ಲೇ ಮುಳ್ಳುಂಗುರದ ಸಾಧನದ ಬಗ್ಗೆ ಬರೆದಿದ್ದರು. ಕರುಳಿನ ತುಂಡನ್ನು ಕತ್ತಿಗೆ ತಂದು ಅನ್ನನಾಳ ಕಟ್ಟುವ ಸರ್ಜರಿಗೆ ಅದನ್ನು ಬಳಸಿದರು. ಅಂದ್ರೆ ಶುರುವಾದದ್ದೇ ತಲೆ-ಕತ್ತಿನ ಕೆಲಸದಿಂದ. 1986ರಲ್ಲಿ ಸ್ವೀಡನ್ನಿನ ಆಸ್ಟ್ರುಪ್ ಮತ್ತು ಬೆರ್ಗ್ರೆನ್ ಅದನ್ನು ಸುಧಾರಿಸಿದರು. ಇವತ್ತು ಆಪರೇಷನ್ ಥಿಯೇಟರ್‌ಗಳಲ್ಲಿ ಇರೋದು ಆ ಮಾದರಿಯ ಮುಂದುವರಿಕೆ.

ಉಳಿಯೋದೆಷ್ಟು, ಉಳಿಯದ್ದೆಷ್ಟು

ಕೈಯಿಂದ ಒಂದು ಅಭಿಧಮನಿ ಹೊಲಿಯೋಕೆ ಸಾಮಾನ್ಯವಾಗಿ 20ರಿಂದ 30 ನಿಮಿಷ. ಕಪ್ಲರ್‌ನಲ್ಲಿ ಕೈ ಪಳಗಿದವರಿಗೆ ಐದು ನಿಮಿಷ ಆಸುಪಾಸು. ಎಂಟು-ಹತ್ತು ಗಂಟೆಯ ಸರ್ಜರಿಯಲ್ಲಿ ಇಪ್ಪತ್ತು ನಿಮಿಷ ಯಾವ ಲೆಕ್ಕ ಅನ್ನಿಸಬಹುದು. ಆದರೆ ಆ ಇಪ್ಪತ್ತು ನಿಮಿಷ ಬರೋದು ಕಾಲಿನಿಂದ ಬಿಡಿಸಿಕೊಂಡ ಮೂಳೆ-ಚರ್ಮ ರಕ್ತವಿಲ್ಲದೆ ಕಾಯ್ತಾ ಇರೋ ಹೊತ್ತಿನಲ್ಲಿ. ಬೆಳಿಗ್ಗೆಯಿಂದ ನಿಂತ ಸರ್ಜನ್‌ನ ಕಣ್ಣು, ಕೈ ದಣಿದಿರೋ ಹೊತ್ತೂ ಅದೇ.

ಹಾಗಂತ ಕಪ್ಲರ್ ಇದ್ರೆ ಸರ್ಜರಿ ಗ್ಯಾರಂಟಿ, ಇಲ್ಲದಿದ್ರೆ ಫೇಲ್ ಅಂತಲ್ಲ. ಅನುಭವಿ ಕೈಯಲ್ಲಿ ನೂಲಿನಿಂದ ಹೊಲಿದ ಫ್ರೀ ಫ್ಲ್ಯಾಪ್‌ಗಳೂ ಶೇಕಡಾ 95ರ ಆಸುಪಾಸು ಗೆಲ್ತವೆ. ಸ್ತನ ಮರುನಿರ್ಮಾಣದಲ್ಲಿ ಕಪ್ಲರ್ ಹಾಕಿದ ಒಂದು ಸಾವಿರ ಅಭಿಧಮನಿಗಳ ಲೆಕ್ಕ ಕೊಟ್ಟ 2010ರ ಅಮೆರಿಕದ ವರದಿಯೊಂದರಲ್ಲಿ ಹೆಪ್ಪುಗಟ್ಟಿದ್ದು ಶೇಕಡಾ ಒಂದಕ್ಕಿಂತ ಕಡಿಮೆ. ಒಳ್ಳೆಯ ಅಂಕಿಯೇ. ಆದರೆ ಒಳ್ಳೆ ಹೊಲಿಗೆಗಿಂತ ಇದು ಎಲ್ಲ ಕಡೆ ಮೇಲು ಅಂತ ಅದರಿಂದ ಸಾಬೀತಾಗಲ್ಲ. ಖಚಿತವಾಗಿ ಉಳಿಯೋದು ಸಮಯ.

ಮಿತಿಗಳೂ ಇವೆ. ಅಪಧಮನಿಯ ದಪ್ಪ ಗೋಡೆಯನ್ನು ಮಡಚೋದು ಕಷ್ಟ. ವಯಸ್ಸಾದವರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲಿ, ಮೊದಲೇ ರೇಡಿಯೇಷನ್ ಆದವರಲ್ಲಿ ಅದು ಗಡುಸಾಗಿ ಬಿರುಕು ಬಿಡಬಹುದು. ಹಾಗಾಗಿ ಹೆಚ್ಚಿನ ಕಡೆ ಅಪಧಮನಿಗೆ ನೂಲು, ಅಭಿಧಮನಿಗೆ ಕಪ್ಲರ್. ಎರಡು ನಾಳಗಳ ಅಗಲದಲ್ಲಿ ಭಾರೀ ವ್ಯತ್ಯಾಸ ಇದ್ದರೂ ಕಷ್ಟ. ಕಪ್ಲರ್ ಕೈಕೊಟ್ಟರೆ ಹೊಲಿಯಲೇಬೇಕು. ಅಂದ್ರೆ ಹೊಲಿಯೋಕೆ ಬಾರದವರಿಗೆ ಕಪ್ಲರ್ ಬದಲಿ ಅಲ್ಲ.

ಮೊದಲ ಮೂರು ದಿನ ಮತ್ತು ನಮ್ಮ ರಸ್ತೆ

ಫ್ಲ್ಯಾಪ್ ಕೆಡೋದಿದ್ರೆ ಹೆಚ್ಚಾಗಿ ಮೊದಲ 48ರಿಂದ 72 ಗಂಟೆಯೊಳಗೆ. ಅದಕ್ಕೇ ನರ್ಸ್ ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಬಂದು ಟಾರ್ಚ್ ಬಿಟ್ಟು ನೋಡೋದು. ಬಿಳಿಚಿಕೊಂಡು ತಣ್ಣಗಾದರೆ ರಕ್ತ ಬರ್ತಾ ಇಲ್ಲ. ನೀಲಿಗಟ್ಟಿ ಊದಿಕೊಂಡರೆ ರಕ್ತ ವಾಪಸ್ ಹೋಗ್ತಾ ಇಲ್ಲ. ಕೆಲವು ಕಪ್ಲರ್‌ಗಳಲ್ಲಿ ಪುಟ್ಟ ಡಾಪ್ಲರ್ ಅಳವಡಿಸಿರ್ತಾರೆ. ರಕ್ತ ಹರಿಯೋ ಸದ್ದು ಹೊರಗೆ ಕೇಳುತ್ತೆ, ಕೆಲವು ದಿನ ಆದ ಮೇಲೆ ವೈರ್ ಮಾತ್ರ ಎಳೆದು ತೆಗೀತಾರೆ. ತೊಂದರೆ ಕಂಡ ಕೂಡಲೇ ಮತ್ತೆ ಥಿಯೇಟರ್‌ಗೆ ಒಯ್ದರೆ ಎಷ್ಟೋ ಫ್ಲ್ಯಾಪ್ ಉಳಿಯುತ್ತೆ. ಬೆಳಿಗ್ಗೆವರೆಗೆ ಕಾದರೆ ಉಳಿಯಲ್ಲ.

ಹಾಗಾಗಿ ಇಂಥ ಸರ್ಜರಿ ರಾತ್ರಿ ಎರಡು ಗಂಟೆಗೂ ಮೈಕ್ರೋಸರ್ಜರಿ ತಂಡ ಸಿಗುವ ಆಸ್ಪತ್ರೆಯಲ್ಲೇ ಆಗಬೇಕು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಶುರುವಾಯಿತು. ಬಾಯಿಯ ಗಾಯ ತೋರಿಸೋಕೆ, ಎಲ್ಲಿಗೆ ಹೋಗಬೇಕು ಅಂತ ಸಲಹೆ ಪಡೆಯೋಕೆ ಮೊದಲು ಅಲ್ಲಿಗೇ ಹೋಗಬಹುದು. ಆದರೆ ಫ್ರೀ ಫ್ಲ್ಯಾಪ್ ಅಂದ್ರೆ ನಮ್ಮವರು ನೋಡೋದು ಸುಮಾರು 120 ಕಿಲೋಮೀಟರ್ ದೂರದ ಮೈಸೂರು, ಘಾಟಿ ಇಳಿದು ಮಂಗಳೂರು, ಇಲ್ಲವೇ 260 ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿಯಂಥ ಕೇಂದ್ರಗಳ ಕಡೆಗೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ರಸ್ತೆಯಲ್ಲಿ ಇಳಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ರೈಲು ಇಲ್ಲದ ಜಿಲ್ಲೆ ನಮ್ಮದು. 2019ರಲ್ಲಿ ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಸೋಶಿಯಲ್ ಮೀಡಿಯಾದಲ್ಲಿ ನಡೆದ ಹ್ಯಾಷ್‌ಟ್ಯಾಗ್ ಅಭಿಯಾನದ ಹಿಂದೆ ಇದ್ದದ್ದು ಈ ರಸ್ತೆಗಳ ಅನುಭವವೇ.

ಇಲ್ಲಿ ಇನ್ನೊಂದು ಗಡಿಯಾರ ಓಡ್ತಾ ಇರುತ್ತೆ. ಗಡ್ಡೆ ದೊಡ್ಡದಿದ್ದರೆ ಸರ್ಜರಿ ಆದ ಸುಮಾರು ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಫ್ಲ್ಯಾಪ್ ಕೆಟ್ಟು ಮತ್ತೊಂದು ಸರ್ಜರಿ ಆದರೆ ಗಾಯ ಒಣಗೋದು ತಡ, ರೇಡಿಯೇಷನ್ ತಡ, ಕ್ಯಾನ್ಸರ್ ಮರಳಿ ಬರುವ ಅಪಾಯ ಹೆಚ್ಚು. ಹೊಸ ಕೆನ್ನೆ ಬರೀ ಅಂದಕ್ಕಲ್ಲ ಅನ್ನೋದು ಇದಕ್ಕೇ. ರೇಡಿಯೇಷನ್ ಅಂದ್ರೆ ವಾರಕ್ಕೆ ಐದು ದಿನದ ಹಾಗೆ ಆರು ವಾರ. ಜೂನ್‌ನಿಂದ ಆಗಸ್ಟ್ ಮಧ್ಯೆ ಅದು ಬಿದ್ದರೆ ದಿನಾ ಊರಿಂದ ಓಡಾಡುವ ಯೋಚನೆ ಬಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಏನಾಯ್ತು ಅಂತ ನೆನಪಿದೆಯಲ್ಲ. ಆಸ್ಪತ್ರೆ ಹತ್ತಿರ ರೂಮೋ, ಧರ್ಮಶಾಲೆಯೋ ಮೊದಲೇ ನೋಡಿಟ್ಟುಕೊಳ್ಳಿ.

ಎಸ್ಟಿಮೇಟ್ ಕೈಗೆ ಬಂದಾಗ ಕೇಳಬೇಕಾದ್ದು

ಕಪ್ಲರ್ ಒಂದು ಸಲ ಮಾತ್ರ ಬಳಸುವ ವಸ್ತು. ನೂಲಿಗಿಂತ ಎಷ್ಟೋ ಪಾಲು ದುಬಾರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಪ್ಯಾಕೇಜಿನೊಳಗೆ ಯಾವ ಸಾಮಗ್ರಿ ಸೇರಿದೆ ಅನ್ನೋದನ್ನು ಆರೋಗ್ಯಮಿತ್ರರ ಹತ್ರ ಕೇಳಿಯೇ ತಿಳೀಬೇಕು. ಸಂಕೋಚ ಬೇಡ, ಇವನ್ನೆಲ್ಲ ಕೇಳಿ:

1. ನೀವು ಮಾಡೋದು ಫ್ರೀ ಫ್ಲ್ಯಾಪಾ, ಎದೆಯ ಮಾಂಸಖಂಡದ ಫ್ಲ್ಯಾಪಾ? ನಮ್ಮ ಕೇಸಿಗೆ ಅದೇ ಯಾಕೆ?
2. ಈ ತಂಡ ತಿಂಗಳಿಗೆ ಎಷ್ಟು ಫ್ರೀ ಫ್ಲ್ಯಾಪ್ ಮಾಡುತ್ತೆ?
3. ರಾತ್ರಿ ಫ್ಲ್ಯಾಪ್‌ಗೆ ತೊಂದರೆ ಆದ್ರೆ ಸರ್ಜನ್ ಎಷ್ಟು ಹೊತ್ತಲ್ಲಿ ಬರ್ತಾರೆ?
4. ಕಪ್ಲರ್ ಬಳಸ್ತೀರಾ? ಅದರ ದುಡ್ಡು ಪ್ಯಾಕೇಜಲ್ಲಿದೆಯಾ, ಹೊರಗಾ? ಬಳಸದಿದ್ರೆ ಬಿಲ್ಲಿಂದ ತೆಗೀತೀರಾ?
5. ಬೇರೆ ರಾಜ್ಯದ ಆಸ್ಪತ್ರೆಯಾದ್ರೆ ನಮ್ಮ ಕಾರ್ಡ್ ಅಲ್ಲಿ ನಡೆಯುತ್ತಾ?

ಎರಡನೇ ಮತ್ತು ಮೂರನೇ ಪ್ರಶ್ನೆಯ ಉತ್ತರಕ್ಕೆ ನಾಲ್ಕನೆಯದಕ್ಕಿಂತ ಹೆಚ್ಚು ತೂಕ ಕೊಡಿ. ವಾರಕ್ಕೆ ಹಲವು ಫ್ಲ್ಯಾಪ್ ಮಾಡಿ, ನೂಲಲ್ಲೇ ಹೊಲಿಯುವ ಸರ್ಕಾರಿ ತಂಡ, ಅಪರೂಪಕ್ಕೊಮ್ಮೆ ಕಪ್ಲರ್ ಹಾಕುವ ತಂಡಕ್ಕಿಂತ ಒಳ್ಳೆಯ ಆಯ್ಕೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಕಪ್ಲರ್ ಹಾಕಲಾಗಿದೆ’ ಅಂತ ಬರೆಸಿಕೊಳ್ಳಿ. ಅದರಲ್ಲಿ ಸ್ಟೀಲ್ ಮುಳ್ಳು ಇರೋದರಿಂದ ಮುಂದೆ ಎಂಆರ್‌ಐ ಮಾಡಿಸುವಾಗ ಸ್ಕ್ಯಾನಿಂಗ್‌ನವರಿಗೆ ಆ ಕಾಗದ ತೋರಿಸಬೇಕು.

ಬೆಲೆ ಇಳಿಯೋದು ಅಸಾಧ್ಯವೇನಲ್ಲ. ಗಂಟಲು ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರು ಮಾತಾಡೋಕೆ ಹಾಕಿಸಿಕೊಳ್ಳುವ ವಿದೇಶಿ ಸಾಧನಕ್ಕೆ ಸಾವಿರಾರು ರೂಪಾಯಿ ಬೇಕಿತ್ತು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ‘ಓಂ’ ಹೆಸರಿನ ಸಾಧನವನ್ನು ಸುಮಾರು 50 ರೂಪಾಯಿಗೆ ಸಿಗುವಂತೆ ರೂಪಿಸಿದರು. ಮುಳ್ಳುಂಗುರಕ್ಕೂ ಅಂಥದ್ದೊಂದು ಪ್ರಯತ್ನ ಬೇಕಾಗಿದೆ. ಎಂಜಿನಿಯರಿಂಗ್ ಓದಿದ ನಮ್ಮ ಓದುಗರು ಯೋಚನೆ ಮಾಡಬಹುದು.

ಮೂರು ಬೆರಳಿನ ಪರೀಕ್ಷೆ

ಇಷ್ಟೆಲ್ಲ ಬೇಕಾಗದೇ ಇರೋ ಹಾಗೆ ನೋಡಿಕೊಳ್ಳೋದು ಇನ್ನೂ ಸುಲಭ. ಈ ಸಲ ಊರಿಗೆ ಹೋದಾಗ ಎಲೆ-ಅಡಿಕೆ ಅಭ್ಯಾಸ ಇರೋ ಮನೆಯವರಿಗೆ, ತೋಟದ ಕೆಲಸದವರಿಗೆ ಬಾಯಿ ಅಗಲಿಸೋಕೆ ಹೇಳಿ. ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮೇಲಿನ-ಕೆಳಗಿನ ಹಲ್ಲಿನ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತೆ ಅಂದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು-ಮೂರು ವಾರವಾದರೂ ವಾಸಿಯಾಗದ ಹುಣ್ಣಿದ್ದರೆ ಡೆಂಟಿಸ್ಟ್ ಅಥವಾ ಇಎನ್‌ಟಿ ವೈದ್ಯರಿಗೆ ಆ ವಾರವೇ ತೋರಿಸಿ. ಗಡ್ಡೆ ಸಣ್ಣದಿದ್ದಾಗ ಸಿಕ್ಕರೆ ದವಡೆ ಉಳಿಯುತ್ತೆ, ಎಷ್ಟೋ ಸಲ ಫ್ಲ್ಯಾಪ್‌ನ ಅಗತ್ಯವೇ ಬರಲ್ಲ.

ಹೊಗೆಸೊಪ್ಪು ಬಿಡೋಕೆ ನೆರವು ಬೇಕಾದರೆ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ: 1800-11-2356. ಕರೆ ಉಚಿತ. ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಬೇಕಾದವರಿಗೆ ಕಳಿಸಿ.